ಪೊಲೀಸ್ ಕಂಬಳಿಯ ಕೂಲಿ

ದೊಡ್ಡವ್ವ ಬಂದು ನನ್ನ ಮೇಜಿನ ಎದುರಿನ ಸ್ಟೂಲಿನ ಮೇಲೆ ಕುಳಿತಾಗ ನಾನು ಯಾರದೋ ಹೊಲದ ಉತಾರೆಯ, ಅಂದರೆ ಪಹಣಿಯ, ತಕರಾರು ಬರೆಯುತ್ತಿದ್ದೆ. ಅಕ್ಕಲಕೋಟೆಯ ತಹಸೀಲ ಕಚೇರಿಯ ಎದುರು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಬರೆಯುವುದೆಲ್ಲ ಮರಾಠಿಯಲ್ಲಿ, ಜನ ಬಂದು ಗೋಳು ಹೇಳಿಕೊಳ್ಳುವುದು ಹೆಚ್ಚಾಗಿ ಕನ್ನಡದಲ್ಲಿ. ದೊಡ್ಡವ್ವ ನನಗೆ ರಕ್ತಸಂಬಂಧಿಯಲ್ಲ. ನಮ್ಮೂರು ಕುರನೂರ, ಅಲ್ಲಿ ನಮ್ಮ ಓಣಿಯಲ್ಲೇ ಅವಳ ಮನೆ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಕಚೇರಿ ಕಡೆಗೆ ಹಾಯುವ ಹೆಂಗಸೇ ಅಲ್ಲ ಅವಳು. ಏನೋ ಅನಾಹುತ ಆಗಿರಬೇಕು ಎಂದುಕೊಂಡೆ.

"ಒಂದ ಅರ್ಜಿ ಬರೀಬೇಕಾಗಿತ್ತ ಮಗಳ," ಎಂದಳು.

"ಯಾರ ಮ್ಯಾಲ?"

"ಯಾರ ಮ್ಯಾಲೂ ಅಲ್ಲ. ನಾವು ಬಿಟ್ಟ ಕೂಲಿ ಅಲ್ಲೀತನಕ ಮುಟ್ಟೈತೋ ಇಲ್ಲೋ, ಅಷ್ಟ ತಿಳೀಬೇಕು ನನಗ."

ಅವಳ ಒಬ್ಬನೇ ಮಗ ಪೊಲೀಸ್ ಶಿಪಾಯಿ. ಬಂದೋಬಸ್ತಿಗೆ ಹೋದವನು ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನಿದ್ದ ದಳದ ಹೆಸರು ಇಲ್ಲಿ ಬೇಡ. ಆ ದಳದವರು ಸೋಲಾಪುರದಲ್ಲಿ ಒಂದು ಮಳಿಗೆ ನಡೆಸುತ್ತಾರೆ. ಟೋಪಿ, ಟೀ ಶರ್ಟು, ಚಹಾದ ಮಗ್ಗು, ಕೀಲಿಯ ಗೊಂಚಲು, ಎಲ್ಲದರ ಮೇಲೂ ದಳದ ಲಾಂಛನ. ಇವುಗಳಿಂದ ಬರುವ ಆದಾಯ ಕರ್ತವ್ಯದಲ್ಲಿದ್ದಾಗ ಸತ್ತವರ ಕುಟುಂಬಗಳ ನಿಧಿಗೆ ಹೋಗುತ್ತದೆ ಎಂದು ಬಾಗಿಲಲ್ಲೇ ಫಲಕ ತೂಗುಹಾಕಿದ್ದಾರೆ. ಆ ಮಳಿಗೆಗೆ ಕಂಬಳಿಯೂ ಬೇಕಾಯಿತು. ಕುರುಬರ ಕರಿಕಂಬಳಿ, ಒಂದು ಮೂಲೆಗೆ ಲಾಂಛನ ಹೊಲಿದದ್ದು.

ಆ ಕಂಬಳಿ ನೇಯುವವರು ನಮ್ಮವರು. ಓಣಿಯ ಗಂಡಸರು ಮಗ್ಗಕ್ಕೆ ಕೂರುತ್ತಾರೆ, ಹೆಂಗಸರು ಉಣ್ಣೆ ನೂಲುತ್ತಾರೆ. ಈ ನೇಕಾರ ಗುಂಪಿನ ಮುಖ್ಯಸ್ಥ ನನ್ನ ಸೋದರಮಾವ. ಸೋಲಾಪುರದ ನವಿ ಪೇಠೆಯ ಒಬ್ಬ ಸೇಠ ಗುತ್ತಿಗೆ ಹಿಡಿದಿದ್ದಾನೆ, ಅವನು ನಮ್ಮಿಂದ ಮಾಲು ತೆಗೆದುಕೊಂಡು ಮಳಿಗೆಗೆ ಕೊಡುತ್ತಾನೆ ಎಂದು ಮಾಮಾ ಸುದ್ದಿ ತಂದಾಗ ಓಣಿಗೆಲ್ಲ ಖುಷಿ. ಆವತ್ತೇ ದೊಡ್ಡವ್ವ, ಪೊಲೀಸ್ ಕಂಬಳಿಗೆ ತಾನು ನೂತದ್ದಕ್ಕೆ ಕೂಲಿ ಬೇಡ, ಅದೂ ಆ ನಿಧಿಗೇ ಹೋಗಲಿ ಎಂದುಬಿಟ್ಟಳು. ಅವಳು ಬಿಟ್ಟ ಮೇಲೆ ಉಳಿದ ಹೆಂಗಸರು ಕೈಚಾಚುತ್ತಾರೆಯೇ? ಅವರೂ ಬಿಟ್ಟರು. ಮಾಮಾ ಎರಡೂ ಕೈ ಮುಗಿದು, "ಅಕ್ಕಾ, ನಿನ್ನ ಮಾತು ಸೇಠಗ ಮುಟ್ಟಸ್ತೀನಿ," ಎಂದಿದ್ದ. ನಾನು ಅಲ್ಲೇ ಇದ್ದೆ. ನನಗೂ ಕಣ್ಣು ತುಂಬಿ ಬಂದಿತ್ತು.

ಎರಡು ಚಳಿಗಾಲ ಹೀಗೇ ನಡೆಯಿತು. ಆಮೇಲೆ ದಳದವರು ಸತ್ತವರ ಕುಟುಂಬಗಳನ್ನು ಒಂದು ಕಾರ್ಯಕ್ರಮಕ್ಕೆ ಕರೆದರು. ದೊಡ್ಡವ್ವನೂ ಹೋದಳು. ನಿಧಿಗೆ ನೆರವಾದವರು ಎಂದು ವೇದಿಕೆಯ ಮೇಲೆ ಟೋಪಿಯವರನ್ನು ನೆನೆದರು, ಚಹಾದ ಮಗ್ಗಿನವರನ್ನು ನೆನೆದರು, ನೂಲುವ ಹೆಂಗಸರ ಸುದ್ದಿಯೇ ಇಲ್ಲ.

"ಹಾರ ತುರಾಯಿ ಬ್ಯಾಡ ನನಗ. ಆದ್ರ ಅವರಿಗೆ ಗೊತ್ತೂ ಇಲ್ಲೇನು ಅನಸ್ತು. ಗೊತ್ತಿಲ್ಲಂದ್ರ ಮುಟ್ಟಿಲ್ಲ. ಮುಟ್ಟಿಲ್ಲಂದ್ರ ನಾ ಮಾಡಿದ್ದು ಅವನ ಹೆಸರಿಗೆ ಆಗಲಿಲ್ಲಲ್ಲ," ಎಂದಳು.

ಇಷ್ಟು ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಗನ ಹೆಸರನ್ನು ಅವಳು ಬಾಯಿಂದ ಆಡುವುದಿಲ್ಲ, ಬರೀ ‘ಅವ’.

ನಾನು ಮೊದಲು ಹೋದದ್ದು ಮಾಮಾನ ಹತ್ತಿರವೇ. ನನ್ನ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಅಕ್ಕಲಕೋಟೆಯ ಕನ್ನಡ ಶಾಲೆಗೆ ಸೇರಿಸಿ, ಪುಸ್ತಕ ಕೊಡಿಸಿ, ಮೆಟ್ರಿಕ್ ಮುಗಿಸುವವರೆಗೆ ನೋಡಿಕೊಂಡವನು ಅವನು. ನನ್ನ ಮೇಜನ್ನೂ ಅವನೇ ತಂದು ಹಾಕಿದ್ದು. ಬಾಯಿ ಬಿಟ್ಟರೆ ತಮಾಷೆ, ಹೆಗಲ ಮೇಲೆ ಸದಾ ಕಂಬಳಿ. ದೊಡ್ಡವ್ವನ ಮಾತು ಹೇಳಿದೆ. ಅವನು ಒಂದು ಗಳಿಗೆಯೂ ತಡಮಾಡದೆ, "ಬರೋಬರಿ ಐತಿ ಅಕ್ಕಂದು. ಸೇಠನ್ನ ಕೇಳೂನು ನಡಿ," ಎಂದ.

ಸೋಲಾಪುರಕ್ಕೆ ಬಸ್ಸು ಹತ್ತಿದೆವು. ನವಿ ಪೇಠೆಯಲ್ಲಿ ಆ ದಿನ ತಿರುಗಿದ ತಿರುಗಾಟ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಮುಂದೆ ನಿಂತು ಮಾಮಾ, "ಇಲ್ಲೇ ಇತ್ತಲ್ಲ ಸೇಠನ ಗದ್ದಿ," ಎಂದು ತಲೆ ಕೆರೆದುಕೊಂಡ. ಒಳಗೆ ಹೋಗಿ ಕೇಳಿದರೆ ಅಂಥವರು ಯಾರೂ ಇಲ್ಲ. ಪಕ್ಕದ ಗಲ್ಲಿಯಲ್ಲಿ ಕೇಳಿದೆವು, ಚಾದರಿನ ಅಂಗಡಿಗಳಲ್ಲಿ ಕೇಳಿದೆವು. ಒಬ್ಬ ಮುದುಕ ವ್ಯಾಪಾರಿ, ಕಂಬಳಿಯ ಸಗಟು ವ್ಯಾಪಾರ ಈ ಪೇಠೆಯಲ್ಲಿ ಯಾರೂ ಮಾಡುವುದಿಲ್ಲ ತಾಯಿ ಎಂದು ಮರಾಠಿಯಲ್ಲಿ ಹೇಳಿದ. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಮಾಮಾ ಕಬ್ಬಿನ ಹಾಲು ಕುಡಿಸಿ, "ಅಂಗಡಿ ಬದಲಿ ಮಾಡ್ಯಾನ ಮಗ. ಮಾಲು ಒಯ್ಯಾಕ ಟೆಂಪೋ ಕಳಸ್ತಾನ, ತಾ ಬರೂದಿಲ್ಲ. ಭಾರೀ ಚಾಲೂ ಮನಶ್ಯಾ ಆಂವ," ಎಂದ. ನಾನು ಆ ಕೈಗೆ ಸಿಗದ ಸೇಠನನ್ನು ಬಾಯಿಗೆ ಬಂದಂತೆ ಬೈದೆ. ಮಾಮಾ ತಲೆಯಾಡಿಸುತ್ತ ಕೇಳಿದ.

ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಸೇಠ ಸಿಗದಿದ್ದರೆ ಬೇಡ, ಗುತ್ತಿಗೆಯ ಕಾಗದ ಪೊಲೀಸ್ ಕಚೇರಿಯಲ್ಲಿ ಇರಲೇಬೇಕು. ಸರಕಾರಿ ದಳ ತನ್ನ ಲಾಂಛನ ಹಚ್ಚಿ ಮಾಲು ಮಾರುತ್ತದೆ ಎಂದರೆ ಅದರ ಕರಾರು, ಆದಾಯ, ಖರ್ಚು ಕೇಳುವ ಹಕ್ಕು ಎಲ್ಲರಿಗೂ ಇದೆ. ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಎಂದೆ.

"ಹಾಕು. ನಾನೂ ನಿನ್ನ ಬೆನ್ನಿಗಿದ್ದೀನಿ," ಎಂದ ಮಾಮಾ.

ಅರ್ಜಿ ಬರೆಯುವುದಕ್ಕೆ ಮೊದಲು ನನಗೆ ಒಂದು ಮಾತು ಖಾತ್ರಿಯಾಗಬೇಕಿತ್ತು. ಇಂಥ ಕೆಲಸದಲ್ಲಿ ನಮ್ಮೊಳಗೇ ಯಾರಾದರೂ ಸೇಠನ ಜೊತೆ ಬೇರೆ ವ್ಯವಹಾರ ಇಟ್ಟುಕೊಂಡಿದ್ದರೆ ಅರ್ಜಿ ಹೊರಬೀಳುವ ಮೊದಲೇ ಗುಂಪು ಒಡೆಯುತ್ತದೆ. ನಮ್ಮಲ್ಲಿ ಇದಕ್ಕೊಂದು ಪದ್ಧತಿಯಿದೆ. ನಮ್ಮ ಕುಲದೇವರು ಬೀರೋಬನ ಗುಡಿಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ ಇಡುತ್ತಾರೆ. ಮನೆಗೊಬ್ಬರು ಬಂದು ಒಂದು ಚಿಟಿಕೆ ಎತ್ತಿ ಹಣೆಗಿಟ್ಟು ಮಾತು ಹೇಳುತ್ತಾರೆ. ಆ ಒಬ್ಬರ ಮಾತು ಇಡೀ ಮನೆಯ ಮಾತು. ಭಂಡಾರ ಎತ್ತಿ ಸುಳ್ಳು ಹೇಳಿದವನ ಮನೆಯಲ್ಲಿ ನೀರನ್ನೂ ಕುಡಿಯುವುದಿಲ್ಲ ನಾವು. ಹಾಗಾಗಿ ಯಾರೂ ಹೇಳುವುದಿಲ್ಲ, ಅಥವಾ ಹಾಗೆಂದು ನಾನು ತಿಳಿದಿದ್ದೆ.

ಒಂದು ಸೋಮವಾರ ಎಲ್ಲರೂ ಸೇರಿದರು. ಒಬ್ಬೊಬ್ಬರೇ ಬಂದು, ಪೊಲೀಸ್ ಕಂಬಳಿಯ ಬಾಬತ್ತು ನಮ್ಮ ಮನೆಯಿಂದ ಯಾರ ಜೊತೆಗೂ ಕರಾರಿಲ್ಲ ಎಂದು ಭಂಡಾರ ಎತ್ತಿದರು. ಗಂಡಸಿಲ್ಲದ ಮನೆಯೆಂದು ದೊಡ್ಡವ್ವ ತಾನೇ ಎತ್ತಿದಳು. ಭಂಡಾರದ ತಟ್ಟೆ ಹಿಡಿದು ನಿಂತವನು ಮಾಮಾ, ಮುಖ್ಯಸ್ಥನಾದ್ದರಿಂದ. ಎಲ್ಲರದೂ ಮುಗಿದ ಮೇಲೆ ಕೊನೆಗೆ ತಟ್ಟೆ ಕೆಳಗಿಟ್ಟು ಅವನೂ ಚಿಟಿಕೆ ಎತ್ತಿ ಹಣೆಗಿಟ್ಟುಕೊಂಡ. ದನಿ ನಡುಗಲಿಲ್ಲ.

ಕಾಗದ ನೋಡದೆ ನಾನು ಅರ್ಜಿಯಲ್ಲಿ ಒಂದು ಸಾಲು ಬರೆಯುವವಳಲ್ಲ. ಗಂಡನೇ ಬಂದು ಇವಳು ನನ್ನ ಹೆಂಡತಿ ಎಂದರೂ ಮದುವೆಯ ದಾಖಲೆ ತೋರಿಸು ಎನ್ನುತ್ತೇನೆ ಎಂದು ಜನ ನನ್ನನ್ನು ಚಾಷ್ಟಿ ಮಾಡುತ್ತಾರೆ. ಆ ರಾತ್ರಿ ಮಾತ್ರ ಅರ್ಜಿಯ ಕೊನೆಗೆ, ‘ನಮ್ಮ ನೇಕಾರ ಗುಂಪಿನ ಯಾವ ಕುಟುಂಬವೂ ಸದರಿ ಪೂರೈಕೆಯ ಕರಾರಿನಲ್ಲಿ ಪಾಲುದಾರ ಅಲ್ಲ’ ಎಂದು ಕಣ್ಣುಮುಚ್ಚಿ ಬರೆದೆ. ಆಧಾರ ಏನು ಎಂದು ಯಾರಾದರೂ ಕೇಳಿದ್ದರೆ ಭಂಡಾರ ಎನ್ನುತ್ತಿದ್ದೆ. ಬೇರೆ ಯಾರೂ ಮಾಡದ ತಪ್ಪು ಇದು. ಭಂಡಾರ ನಂಬುವ ನಮ್ಮವರೇ ಮಾಡಬೇಕು.

ಅರ್ಜಿಯಲ್ಲಿ ಕೇಳಿದ್ದು ಇಷ್ಟು: ಲಾಂಛನ ಹಚ್ಚಿದ ಎಲ್ಲ ವಸ್ತುಗಳ ಪೂರೈಕೆದಾರರ ಜೊತೆ ಆದ ಕರಾರಿನ ಪ್ರತಿ, ಮಾರಾಟದಿಂದ ಬಂದ ಆದಾಯ, ಅದರಲ್ಲಿ ನಿಧಿಗೆ ಹೋದದ್ದು, ಮತ್ತು ಕಂಬಳಿಯ ದರ ಹೇಗೆ ನಿಗದಿಯಾಯಿತು ಎಂಬುದರ ವಿವರ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಹಚ್ಚಿ, ನಾನೇ ಸೋಲಾಪುರಕ್ಕೆ ಹೋಗಿ ಕಾಗದ ಬರಮಾಡಿಕೊಳ್ಳುವ ಆವಕ ವಿಭಾಗದಲ್ಲಿ ಕೊಟ್ಟು, ಅರ್ಜಿ ಮುಟ್ಟಿದ್ದಕ್ಕೆ ಪೋಚು ತೆಗೆದುಕೊಂಡೆ. ಮಾಮಾ ಜೊತೆಗೆ ಬಂದಿದ್ದ. ಪೊಲೀಸ್ ಕಚೇರಿಯ ಗೇಟಿನ ಹೊರಗೆ ನಿಂತು ಶೇಂಗಾ ಹಿಂಡಿ, ಕಡಕ ರೊಟ್ಟಿ ತಿಂದೆವು. ಅವ್ವ ಇಬ್ಬರಿಗೂ ಕಟ್ಟಿ ಕಳಿಸಿದ್ದಳು.

ಪೊಲೀಸರು ಕಾಗದ ಕೊಡುವುದಿಲ್ಲ, ಕೊಟ್ಟರೂ ಕರಿಮಸಿ ಬಳಿದು ಕೊಡುತ್ತಾರೆ ಎಂದು ನಾನು ಜಗಳಕ್ಕೇ ಸಿದ್ಧಳಾಗಿದ್ದೆ. ಹಾಗಾಗಲಿಲ್ಲ. ಅಲ್ಲಿನ ಮಾಹಿತಿ ಅಧಿಕಾರಿ ಕನ್ನಡಕದ ಮೇಲಿಂದ ನೋಡುವ, ಮೃದು ಮಾತಿನ ಮನುಷ್ಯ. ಅವಧಿಯೊಳಗೇ ಉತ್ತರ ಬಂತು. ಟೋಪಿಯವರ ಕರಾರು, ಚಹಾದ ಮಗ್ಗಿನವರ ಕರಾರು, ಟೀ ಶರ್ಟಿನವರ ಕರಾರು ಎಲ್ಲ ಕೊಟ್ಟಿದ್ದರು. ಪ್ರತಿ ವರ್ಷದ ಆದಾಯ, ಅದರಲ್ಲಿ ನಿಧಿಗೆ ಜಮಾ ಆದದ್ದು, ಯಾವ ಯಾವ ನೆರವಿಗೆ ಖರ್ಚಾಯಿತು ಎಲ್ಲವೂ ಇತ್ತು. ನಾನು ಒಂದೊಂದೇ ಪುಟ ತಿರುಗಿಸಿ ಕುಂದು ಹುಡುಕಿದೆ, ಸಿಗಲಿಲ್ಲ. ಸ್ವಲ್ಪ ನಿರಾಸೆಯೇ ಆಯಿತೆನ್ನಬೇಕು, ಬೈಯಲು ತಯಾರಾಗಿದ್ದವಳಿಗೆ ಬೈಯುವುದಕ್ಕೆ ಏನೂ ಉಳಿಯಲಿಲ್ಲ.

ಕಂಬಳಿಯದು ಮಾತ್ರ ಇರಲಿಲ್ಲ. ಬೇರೆಯವರ ವ್ಯವಹಾರದ ಮಾಹಿತಿ ಕೇಳಿದರೆ ಕೊಡುವ ಮೊದಲು ಅವರಿಗೆ ನೋಟೀಸು ಹೋಗುತ್ತದೆ, ಆಕ್ಷೇಪವಿದ್ದರೆ ಹೇಳಬಹುದು. ಕಾನೂನಿನಲ್ಲಿ ಅವರನ್ನು ಮೂರನೆಯ ಪಕ್ಷ ಎನ್ನುತ್ತಾರೆ. ಉಳಿದ ಪೂರೈಕೆದಾರರು ಯಾರೂ ತಕರಾರು ಮಾಡಿರಲಿಲ್ಲ. ಕಂಬಳಿಯವರು ಮಾತ್ರ ಇದು ವ್ಯಾಪಾರದ ಗುಟ್ಟು, ಕೊಡಕೂಡದು ಎಂದು ಲಿಖಿತವಾಗಿ ಹೇಳಿದ್ದರಂತೆ. ಉತ್ತರದಲ್ಲಿ ಅವರ ಹೆಸರನ್ನೂ ತಿಳಿಸಿರಲಿಲ್ಲ.

ಸಂಜೆ ಓಣಿಯ ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿದೆ. "ನೋಡ್ರಿ ಮಾಮಾ, ಸೇಠ ಅಡ್ಡಗಾಲು ಹಾಕ್ಯಾನ," ಎಂದೆ.

"ಹಾಕೂದಿಲ್ಲೇನು ಮತ್ತ? ಹೊಟ್ಟಿಗಿ ಪೆಟ್ಟ ಬೀಳ್ತದಲ್ಲ ಅವಗ. ಬಿಡಬ್ಯಾಡ ನೀ," ಎಂದ ಮಾಮಾ.

ದೊಡ್ಡವ್ವ ರಾಟೆ ಬದಿಗೆ ಸರಿಸಿ, "ನಮ್ಮದು ಅವರಿಗೆ ಮುಟ್ಟೈತಂತ ಅದರಾಗ ಬರದಿಲ್ಲೇನು?" ಎಂದು ಕೇಳಿದಳು. ಬರೆದಿಲ್ಲ ಎಂದೆ. ನಿಧಿಗೆ ಬಂದ ದೇಣಿಗೆಗಳಲ್ಲಿ ನಮ್ಮ ಗುಂಪಿನ ಹೆಸರು ಎಲ್ಲೂ ಇರಲಿಲ್ಲ. ಸೇಠ ತನ್ನ ಹೆಸರಲ್ಲಿ ಕೊಟ್ಟಿರಬಹುದು ಎಂದು ಸಮಾಧಾನ ಹೇಳಿದೆ, ಅವಳು ರಾಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು.

ನಾನು ಮೇಲ್ಮನವಿ ಹಾಕಿದೆ. ಅದೇ ಕಚೇರಿಯ ಹಿರಿಯ ಅಧಿಕಾರಿಯ ಮುಂದೆ ವಿಚಾರಣೆ. ವಕೀಲರು ಬೇಕಿಲ್ಲ, ಅರ್ಜಿದಾರರೇ ಮಾತಾಡಬಹುದು. ಮನವಿ ಕೊಟ್ಟು ಬರುವ ದಿನ ಬಸ್ಸಿನಲ್ಲಿ ಕುಳಿತು ನಾನು ಮಾಮಾನ ಮುಂದೆ ನನ್ನ ವಾದವನ್ನೆಲ್ಲ ಆಡಿ ತೋರಿಸಿದೆ. ಉಳಿದವರ ಕರಾರು ಕೊಟ್ಟಮೇಲೆ ಇವನದು ಯಾಕೆ ಕೊಡಬಾರದು ಎನ್ನುತ್ತೇನೆ. ಲಾಂಛನ ಸರಕಾರದ್ದು, ಅದರ ಮೇಲೆ ವ್ಯಾಪಾರ ಮಾಡುವವನಿಗೆ ಎಂಥ ಗುಟ್ಟು ಎನ್ನುತ್ತೇನೆ. ಸಾರ್ವಜನಿಕ ಹಿತ ದೊಡ್ಡದು ಎನ್ನುತ್ತೇನೆ. ಮಾಮಾ ಬಲು ಆಸ್ಥೆಯಿಂದ ಕೇಳಿದ. "ಸೇಠ ಇದಕ್ಕ ಏನ ಅಂದಾನು?" ಎಂದ.

ನನಗೋ ನನ್ನ ಜಾಣತನ ತೋರಿಸುವ ಹುಮ್ಮಸ್ಸು. "ಅವಗ ಬುದ್ಧಿ ಇದ್ರ ಒಂದ ಮಾತು ಅಂತಾನ ನೋಡ್ರಿ. ನನ್ನ ದರ ಹೊರಗ ಬಿದ್ದರ ಮಂಗಳವೇಢೆ ಕಡಿಯ ಕಂಬಳಿಯವರು ಅದಕ್ಕಿಂತ ಕಮ್ಮಿ ಹೇಳಿ ಗುತ್ತಿಗಿ ಕಸಗೋತಾರ ಅಂತಾನ. ಅದಕ್ಕ ಉತ್ತರಾ ಹೇಳೂದು ಜರಾ ಕಠಿಣ. ಪುಣ್ಯಾ, ಆಂವ ನನ್ನ ಕಡಿ ಅರ್ಜಿ ಬರಸಾಕ ಬಂದಿಲ್ಲ," ಎಂದೆ.

ಮಾಮಾ ನಕ್ಕ. ನಾನೂ ನಕ್ಕೆ.

ವಿಚಾರಣೆಯ ದಿನ ಮಾಮಾ ಜ್ವರವೆಂದು ಹೇಳಿ ಕಳಿಸಿದ. ದೊಡ್ಡವ್ವ ತಾನು ಬರುತ್ತೇನೆ ಎಂದಳು. ಮಗ ಕೆಲಸ ಮಾಡುತ್ತಿದ್ದ ದಳದ ಕಚೇರಿಯನ್ನು ಅವಳು ಒಳಗಿನಿಂದ ನೋಡಿರಲಿಲ್ಲ. ತೊಳೆದ ಸೀರೆ ಉಟ್ಟು ಬಂದಿದ್ದಳು. ಗೇಟಿನಲ್ಲಿ ನಿಂತ ಶಿಪಾಯಿಯ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು, ಅವನು ಏನಾಯಿತು ಆಯೀ ಎಂದು ಕೇಳಿದ, ಇವಳು ಏನಿಲ್ಲಪ್ಪ ಎಂದು ಮುಂದೆ ನಡೆದಳು.

ಮೇಲ್ಮನವಿ ಅಧಿಕಾರಿ ಒಬ್ಬ ಹೆಂಗಸು. ಸಮವಸ್ತ್ರದಲ್ಲಿದ್ದರು, ಚಹಾ ಬೇಕೇ ಎಂದು ದೊಡ್ಡವ್ವನನ್ನು ಮರಾಠಿಯಲ್ಲಿ ಕೇಳಿದರು. ಪಕ್ಕದಲ್ಲಿ ಮಾಹಿತಿ ಅಧಿಕಾರಿ. ಮೂರನೆಯ ಪಕ್ಷದವರು ಬಂದಿದ್ದಾರಾ ಎಂದು ವಿಚಾರಿಸಿದರು. ಬಂದಿದ್ದಾರೆ, ಹೊರಗೆ ಕುಳಿತಿದ್ದಾರೆ ಎಂದು ಉತ್ತರ ಬಂತು. ನಾನು ಸೇಠನ ಮುಖ ನೋಡಲು ಕುರ್ಚಿಯಲ್ಲಿ ತಿರುಗಿ ಕುಳಿತೆ.

ಒಳಗೆ ಬಂದವನು ಮಾಮಾ.

ಮೊದಲು ನನಗೆ ತಿಳಿಯಲೇ ಇಲ್ಲ. ಜ್ವರ ಬಿಟ್ಟಿರಬೇಕು, ನಮ್ಮ ಬೆಂಬಲಕ್ಕೆ ಓಡಿ ಬಂದಿದ್ದಾನೆ ಎಂದುಕೊಂಡು ಪಕ್ಕದ ಕುರ್ಚಿಯ ಮೇಲಿದ್ದ ನನ್ನ ಚೀಲ ತೆಗೆದೆ, ಅವನು ಕೂರಲಿ ಎಂದು. ಅವನು ನನ್ನ ಕಡೆ ನೋಡದೆ ಮೇಜಿನ ಆಚೆ ಬದಿಗೆ ಹೋಗಿ ನಿಂತ. ಕಂಬಳಿ ಪೂರೈಸುವ ಸಂಸ್ಥೆ ನನ್ನ ಹೆಂಡತಿಯ ಹೆಸರಿನಲ್ಲಿದೆ, ಅವಳ ಪರವಾಗಿ ಬಂದಿದ್ದೇನೆ, ಅಧಿಕಾರ ಪತ್ರ ಇದೆ ಎಂದು ಶುದ್ಧ ಮರಾಠಿಯಲ್ಲಿ ಹೇಳಿದ. ಅಧಿಕಾರಿ ಪತ್ರ ನೋಡಿ ಕೂರಲು ಹೇಳಿದರು. ಸೇಠ ಎಂಬವನು ಇರಲೇ ಇಲ್ಲ ಎಂಬುದು ನನ್ನ ತಲೆಗೆ ಹೋಗುವಷ್ಟರಲ್ಲಿ ವಿಚಾರಣೆ ಶುರುವಾಗಿತ್ತು.

ನನ್ನ ಸರದಿ ಮೊದಲು. ಬರೆದುಕೊಂಡು ಬಂದದ್ದನ್ನು ಓದಿದೆ. ಎರಡು ಸಲ ಸಾಲು ತಪ್ಪಿತು. ಆಮೇಲೆ ಅವನು ಎದ್ದ. ನಾನು ಬಸ್ಸಿನಲ್ಲಿ ಆಡಿ ತೋರಿಸಿದ ಕ್ರಮದಲ್ಲೇ ನನ್ನ ಒಂದೊಂದು ಮಾತಿಗೂ ಉತ್ತರ ಕೊಟ್ಟ. ಯಾರೋ ವಕೀಲರಿಂದ ತಯಾರಾಗಿ ಬಂದಿದ್ದ. ಕೊನೆಗೆ ನಾನೇ ಹೇಳಿಕೊಟ್ಟ ಮಾತೂ ಬಂತು, ಮಂಗಳವೇಢೆಯ ಹೆಸರಿನ ಸಮೇತ. ಇಷ್ಟು ವರ್ಷ ನನ್ನನ್ನು ಮಗಳೇ ಎಂದು ಕರೆದ ಬಾಯಿ ಅದು.

ಅಧಿಕಾರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ದರ ಎಂದರೆ ಯಾವ ದರ, ಅದರಲ್ಲಿ ಗುಟ್ಟು ಏನು, ಬಿಡಿಸಿ ಹೇಳಿ ಎಂದರು. ಅವನು ಸ್ವಲ್ಪ ತಡವರಿಸಿದ. ಉಣ್ಣೆಯ ದರ ಎಲ್ಲರಿಗೂ ಗೊತ್ತಿರುತ್ತದೆ ಮೇಡಂ, ನೇಯ್ಗೆಯ ದರವೂ ಗೊತ್ತಿರುತ್ತದೆ, ನಾನು ನೂಲುವವರಿಗೆ ಕೊಡುವ ಕೂಲಿಯ ದರ ಮಾತ್ರ ಬೇರೆ ಯಾರಿಗೂ ಗೊತ್ತಿಲ್ಲ, ಅದು ಹೊರಗೆ ಬಿದ್ದರೆ ನನಗೆ ನಷ್ಟ ಎಂದ.

ನಾನು ದೊಡ್ಡವ್ವನ ಕಡೆ ನೋಡಿದೆ. ಅವಳಿಗೆ ಮರಾಠಿ ನನ್ನಷ್ಟೇ ಚೆನ್ನಾಗಿ ತಿಳಿಯುತ್ತದೆ. ಚಹಾದ ಕಪ್ಪು ಕೈಯಲ್ಲೇ ಇತ್ತು. ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು, ಯಾರ ಅಪ್ಪಣೆಯನ್ನೂ ಕೇಳದೆ ಕನ್ನಡದಲ್ಲಿ, "ಯಾರಿಗೆ ಕೊಟ್ಟಿ?" ಎಂದಳು.

ಅಧಿಕಾರಿ ಏನೆಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು, ಇದು ಮನೆಯೊಳಗಿನ ವಿಷಯ ಮೇಡಂ, ಅರ್ಜಿದಾರಳು ನನ್ನ ಸ್ವಂತ ತಂಗಿಯ ಮಗಳು, ಸ್ವಲ್ಪ ಹೊತ್ತು ಕೊಟ್ಟರೆ ನಾವೇ ಮಾತಾಡಿಕೊಳ್ಳುತ್ತೇವೆ ಎಂದ. ಊಟದ ಬಿಡುವಿನ ನಂತರ ಬನ್ನಿ ಎಂದರು ಅವರು. ಅರ್ಜಿ ಹಿಂತೆಗೆದುಕೊಳ್ಳುವುದಾದರೆ ಬರೆದುಕೊಡಬೇಕು ಎಂದೂ ಹೇಳಿದರು.

ಹೊರಗೆ ಬೇವಿನ ಮರದ ಕೆಳಗೆ ಸಿಮೆಂಟಿನ ಬೆಂಚು. ದೊಡ್ಡವ್ವ ಅದರ ಮೇಲೆ ಕುಳಿತಳು. ಮಾಮಾ ನನ್ನನ್ನು ನಾಲ್ಕು ಹೆಜ್ಜೆ ಆಚೆಗೆ ಕರೆದ.

"ಮಗಳ, ಹಿಂದಕ್ಕ ತಗೋ. ಊರಾಗ ನನ್ನ ಮಾರಿ ಉಳಿಯೂದಿಲ್ಲ."

"ಭಂಡಾರ ಎತ್ತಿದ್ರಲ್ಲ ಮಾಮಾ."

"ಎತ್ತದಿದ್ದರ ಅವತ್ತ ಎಲ್ಲಾರೂ ನನ್ನ ಕಡೀನ ನೋಡ್ತಿದ್ರು. ಏನ ಮಾಡ್ಲಿ ನಾ?"

"ನವಿ ಪೇಠದಾಗ ನನ್ನ ಬಿಸಲಾಗ ತಿರಗ್ಯಾಡಿಸಿದ್ರಿ. ಇಲ್ಲದ ಮನಶ್ಯಾನ್ನ ಹುಡಿಕಿಸಿದ್ರಿ ನನ್ನ ಕಡೆ."

ಅವನು ಟೆಂಪೋ ಬಾಡಿಗೆ, ಲಾಂಛನ ಹೊಲಿಸುವ ಖರ್ಚು, ಕಚೇರಿಗೆ ತಿರುಗಾಟ ಎಂದು ಲೆಕ್ಕ ಒಪ್ಪಿಸತೊಡಗಿದ. ನಾನು, ಆ ಹೆಂಗಸರ ಕೂಲಿ ಯಾಕೆ ತಿಂದಿರಿ, ಅಷ್ಟು ಹೇಳಿ ಎಂದೆ.

"ಬ್ಯಾಡ ಅಂದೋರು ಅವರ," ಎಂದ. "ದಳದವರ ದರದಾಗ ನೂಲೂ ಕೂಲಿ ಮೊದಲ ಹಿಡಿದಿದ್ರು. ನಾ ಕೇಳಿಲ್ಲ. ಇವರು ಬ್ಯಾಡ ಅಂದ್ರು, ಅವರು ಕೊಟ್ರು. ಬ್ಯಾಡ ಅಂದದ್ದು ಎಲ್ಲೆರ ಒಂದ ಕಡಿ ಹೋಗಬೇಕಲ್ಲ."

ಇದನ್ನು ಹೇಳುವಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ, ಇದರಲ್ಲಿ ತಪ್ಪೇನಿದೆ ಎಂಬ ಅಚ್ಚರಿಯಿತ್ತು. ನನಗೆ ಸಿಟ್ಟಿಗಿಂತ ಹೇಸಿಕೆ ಬಂತು. ಈ ಮನುಷ್ಯನ ಅನ್ನ ತಿಂದು ಬೆಳೆದೆನಲ್ಲ ಎಂದು ನನ್ನ ಮೇಲೇ ಬಂತು.

"ನಿನ್ನ ಸಾಲಿ ಕಲಿಸಿದಾಂವ ನಾ," ಎಂದ ಕೊನೆಗೆ. ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ಕಣ್ಣೀರಾಗಿರಲಿಲ್ಲ, ಅದೇ ಕಷ್ಟ.

ಸುಳ್ಳು ಹೇಳಲಾರೆ, ನಾನು ಅಲುಗಾಡಿದೆ. ಹಿಂತೆಗೆದುಕೊಳ್ಳಲು ಒಂದು ಸಾಲು ಬರೆದು ಸಹಿ ಹಾಕಿದರೆ ಮುಗಿಯಿತು. ಅವನಿಂದ ಕೂಲಿ ವಸೂಲು ಮಾಡಿ ಹೆಂಗಸರಿಗೆ ಹಂಚಿದರೆ ಊರಿಗೆ ಗೊತ್ತೂ ಆಗದು. ಅವ್ವನಿಗೆ ಅಣ್ಣ ಉಳಿಯುತ್ತಾನೆ. ಬೆಂಚಿನ ಹತ್ತಿರ ಹೋಗಿ ದೊಡ್ಡವ್ವನನ್ನು ಏನು ಮಾಡಲಿ ಎಂದು ಕೇಳಿದೆ.

"ನಿನ್ನ ಕೆಲಸ ಅದು. ನೀ ನೋಡು," ಎಂದಳು. ಅವಳು ಮರದಾಚೆ ಕವಾಯತಿನ ಮೈದಾನದ ಕಡೆ ನೋಡುತ್ತಿದ್ದಳು.

ಅವಳು ಹಿಂತೆಗೆ ಎಂದಿದ್ದರೆ ತೆಗೆಯುತ್ತಿದ್ದೆ, ಬೇಡ ಎಂದಿದ್ದರೆ ಅವಳ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಎರಡೂ ಆಗಲಿಲ್ಲ. ಅವಳು ನನ್ನ ಹತ್ತಿರ ಬಂದದ್ದು ಹಣ ವಸೂಲಿಗಲ್ಲ, ತಿಳಿಯುವುದಕ್ಕೆ. ಈಗ ತಿಳಿದದ್ದು ಅರ್ಧ, ಅದೂ ಅವನು ಬಾಯಿತಪ್ಪಿ ಆಡಿದ್ದರಿಂದ. ನಾಳೆ ಊರಲ್ಲಿ ಅವನು ಹಾಗೆ ಹೇಳಲೇ ಇಲ್ಲ ಎಂದರೆ, ಮಗ ಸತ್ತ ಮೇಲೆ ಮುದುಕಿಗೆ ತಲೆ ನೆಟ್ಟಗಿಲ್ಲ ಎಂದರೆ? ಭಂಡಾರಕ್ಕೇ ಅಂಜದವನು ಅದಕ್ಕೆ ಅಂಜುತ್ತಾನೆಯೇ? ನಾನು ಒಳಗೆ ಹೋದೆ.

ಅಧಿಕಾರಿಯ ಮುಂದೆ ಮೊದಲು ನನ್ನ ಅರ್ಜಿಯ ಕೊನೆಯ ಸಾಲು ಸುಳ್ಳು, ಅದನ್ನು ಹೊಡೆದುಹಾಕಿ ಎಂದೆ. ಗುಂಪಿನ ಒಂದು ಕುಟುಂಬ ಕರಾರಿನಲ್ಲಿದೆ, ಅದು ನನ್ನ ಸೋದರಮಾವನದು. ಆಮೇಲೆ, ಬರೆದು ತಂದ ಹಾಳೆಗಳನ್ನು ಮಡಿಚಿ ಚೀಲಕ್ಕೆ ಹಾಕಿ, ಬಾಯಿಗೆ ಬಂದದ್ದನ್ನು ಹೇಳಿದೆ. ಕೂಲಿಯ ದರ ಇವರ ವ್ಯಾಪಾರದ ಗುಟ್ಟು ಎನ್ನುತ್ತಾರೆ. ಕೂಲಿ ಮಾಡಿದವರು ನಾವು. ಮಾಡಿದವರಿಂದಲೇ ಬಚ್ಚಿಡುವ ಕೂಲಿ ಯಾವ ಗುಟ್ಟು? ಈ ತಾಯಿ ನಿಮ್ಮ ದಳದ ಶಿಪಾಯಿಯ ಅವ್ವ. ತಾನು ನೂತದ್ದು ಅವನಂಥವರ ಮಕ್ಕಳುಮರಿಗೆ ಹೋಗುತ್ತದೆಂದು ಒಂದು ಪೈಸೆ ಮುಟ್ಟಿಲ್ಲ. ನೀವು ಕೂಲಿ ಕೊಟ್ಟಿದ್ದೀರಿ ಎಂದು ನಿಮಗೆ ಗೊತ್ತು, ಪಡೆದಿದ್ದೇನೆ ಎಂದು ಇವರಿಗೆ ಗೊತ್ತು, ಗೊತ್ತಿಲ್ಲದವಳು ಇವಳೊಬ್ಬಳು.

ಅಧಿಕಾರಿ ದೊಡ್ಡವ್ವನಿಗೆ ಮಗನ ಹೆಸರು ಕೇಳಿದರು. ದೊಡ್ಡವ್ವ ನನ್ನ ಕಡೆ ನೋಡಿದಳು, ನಾನು ಹೇಳಿದೆ. ಕರಾರು ಮತ್ತು ದರದ ವಿವರ ಎರಡನ್ನೂ ಕೊಡತಕ್ಕದ್ದು, ಇದರಲ್ಲಿ ಸಾರ್ವಜನಿಕ ಹಿತ ಹೆಚ್ಚಿನದು ಎಂದು ಆದೇಶವಾಯಿತು. ಮಾಮಾ ನಮಗಿಂತ ಮೊದಲೇ ಹೊರಟುಹೋಗಿದ್ದ.

ಮನೆಯಲ್ಲಿ ಅವ್ವ ನನ್ನ ಜೊತೆ ಮಾತು ಬಿಟ್ಟಳು. ಅಣ್ಣನ ಜೊತೆ ಬಿಡಲಿಲ್ಲ. "ಆಂವ ತಪ್ಪ ಮಾಡ್ಯಾನ, ಖರೆ. ನೀ ಪೊಲೀಸರ ಮುಂದ ಹೇಳಿ ಬಂದಿ," ಎಂದಳು, ಅಷ್ಟೇ. ಇಂದಿಗೂ ನನಗೆ ಊಟ ಬಡಿಸುತ್ತಾಳೆ, ಎದುರು ಕೂರುವುದಿಲ್ಲ. ಮಾಮಾನ ಮೋಸಕ್ಕಿಂತ ಇದು ಹೆಚ್ಚು ನೋಯಿಸುತ್ತದೆ, ಸುಮ್ಮನೆ ಯಾಕೆ ಮುಚ್ಚಿಡಲಿ.

ಪುಟದ ಶುಲ್ಕ ಕಟ್ಟಿ ಪ್ರತಿಗಳನ್ನು ತಂದ ಸಂಜೆ ದೊಡ್ಡವ್ವನ ಪಡಸಾಲೆಯಲ್ಲಿ ಕುಳಿತು ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ದಳದವರು ಕಂಬಳಿಯ ದರ ಕಟ್ಟುವಾಗ ನೂಲುವ ಕೂಲಿಯನ್ನು ಬೇರೆಯಾಗಿಯೇ ಹಿಡಿದಿದ್ದರು, ಪೂರ್ತಿಯಾಗಿ ಕೊಟ್ಟಿದ್ದರು. ಮಾರಾಟದಲ್ಲಿ ತಮ್ಮ ಪಾಲನ್ನು ನಿಧಿಗೆ ಜಮಾ ಮಾಡಿದ್ದರು. ನಮ್ಮ ಓಣಿಯ ಹೆಂಗಸರು ಬಿಟ್ಟ ಕೂಲಿ ಮಾತ್ರ ನಿಧಿಯ ಹತ್ತಿರವೂ ಸುಳಿದಿರಲಿಲ್ಲ. ಎರಡು ಚಳಿಗಾಲದ್ದೂ ಮಾಮಿಯ ಹೆಸರಿನ ಸಂಸ್ಥೆಗೆ ಸಂದಾಯವಾಗಿತ್ತು.

ಅವಳು ತಾಳ್ಮೆಯಿಂದ ಕೇಳಿದಳು. ನಡುವೆ ಒಂದೇ ಪ್ರಶ್ನೆ, "ಕಿಲೋಕ್ಕ ಎಷ್ಟ ಹಿಡದಾರ?"

ಹೇಳಿದೆ.

"ದರ ಚೊಲೋ ಐತಿ," ಎಂದಳು. ಪ್ರತಿಗಳನ್ನು ನನ್ನ ಕಡೆ ಸರಿಸಿ, "ಹಂಗಾದ್ರ ಇನ್ನೊಂದ ಅರ್ಜಿ ಬರಿ. ಮಾಲು ನಾವ ಸೀದಾ ಮಳಿಗಿಗಿ ಕೊಡ್ತೀವಿ, ಈ ಸಲದಿಂದ ನನಗೂ ಕೂಲಿ ಹಚ್ಚರಿ ಅಂತ ಬರಿ," ಎಂದಳು.

ನನಗೆ ನಿಜವಾಗಿ ಹಿಗ್ಗಾಯಿತು. ಕೊನೆಗೂ ಗಟ್ಟಿಯಾದಳು, ತನ್ನದನ್ನು ತಾನು ಕೇಳಲು ಕಲಿತಳು ಎಂದುಕೊಂಡೆ. ಅಲ್ಲೇ ಹಾಳೆ ತೆಗೆದೆ. ಇದನ್ನು ಮೊದಲೇ ಮಾಡಬೇಕಿತ್ತು ದೊಡ್ಡವ್ವ, ದುಡಿದವರು ಕೂಲಿ ಯಾಕೆ ಬಿಡಬೇಕು ಎಂದು ಏನೇನೋ ಒದರುತ್ತ ಬರೆಯಲು ಶುರುಮಾಡಿದೆ.

"ಅವ ಹೋದ ಮ್ಯಾಲ ಅವನ ಸಲುವಾಗಿ ನನ್ನ ಕೈಲೆ ಮಾಡೂದಂತ ಅದೊಂದ ಕೆಲಸ ಉಳದಿತ್ತು," ಎಂದಳು ದೊಡ್ಡವ್ವ. "ಅದನ್ನೂ ಕೂಲಿ ಮಾಡಿಟ್ಟ ನಿಮ್ಮ ಮಾಮಾ."

ನಾನು ತಲೆ ಎತ್ತಲಿಲ್ಲ. ಬರೆದು ಮುಗಿಸಿ ಹಾಳೆಯನ್ನು ಮುಂದೆ ಚಾಚಿದೆ, ಅವಳು ಸಹಿ ಮಾಡಿದಳು.